ಬಾಗಿಲ ದೀಪ ಯಾರಿಗೆ?

2025ರ ನವೆಂಬರ್ ಒಂದನೆಯ ತಾರೀಖು. ಕಾಲೇಜಿನಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸಿ, ಮೂರು ಭಾಷಣ ಕೇಳಿ, ನಾನೂ ಒಂದು ಭಾಷಣ ಮಾಡಿ, ಸಂಜೆ ಗಂಟಲು ಆರಿಸಿಕೊಂಡು ಮನೆಯಲ್ಲಿ ಕುಳಿತಿದ್ದೆ. ನ್ಯೂಜೆರ್ಸಿಯಿಂದ ತಂಗಿಯ ಗಂಡನ ಫೋನು ಬಂತು. ಅಲ್ಲಿ ಆಗ ಬೆಳಗು. ಕುಶಲಪ್ರಶ್ನೆ ಮುಗಿಯುವ ಮೊದಲೇ ಅವರು, “ಅಕ್ಕಾ, ನಿನ್ನೆ ರಾತ್ರಿ ನಮ್ಮ ಮನೆಗೆ ಮುನ್ನೂರು ಮಕ್ಕಳು ಬಂದವು. ಲೆಕ್ಕ ಇಟ್ಟಿದ್ದೇನೆ. ನಮ್ಮ ಬೀದಿಯವು ಅದರಲ್ಲಿ ನಲವತ್ತೂ ಇರಲಾರವು. ಎಲ್ಲಿಂದಲೋ ವ್ಯಾನು ತುಂಬಿಕೊಂಡು ಬರುತ್ತಾರೆ ನೋಡಿ. ಇದಕ್ಕೊಂದು ಕಟ್ಟುಪಾಡು ಬೇಡವೆ?” ಎಂದರು.

ಅವರು ಒಳ್ಳೆಯವರು. ಕೈಯಲ್ಲಿ ಜಿಪುಣತನವಿಲ್ಲ. ಊರಿಗೆ ಬಂದಾಗ ನಮ್ಮ ಬೀದಿಯ ತರಕಾರಿಯವಳ ಹತ್ತಿರ ಚೌಕಾಸಿ ಮಾಡದೆ ನನ್ನಿಂದ ಬೈಸಿಕೊಂಡವರು. ಅಂಥವರ ಬಾಯಲ್ಲಿ ಈ ಮಾತು ಬಂದದ್ದಕ್ಕೇ ನನಗೆ ಕಸಿವಿಸಿಯಾಯಿತು. ಫೋನಿನಲ್ಲಿ “ಹೌದೆ?” ಎಂದು ಸುಮ್ಮನಾದೆ. ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವರಿಗೆ ಕೋಪ ಬರಲಾರದೆಂಬ ನಂಬಿಕೆ ಉಂಟು. ಬಂದರೂ ತಂಗಿ ನನ್ನ ಪಕ್ಷ.

ವಿಷಯ ಹ್ಯಾಲೋವೀನ್ ಹಬ್ಬದ್ದು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಇರುಳು ಹ್ಯಾಲೋವೀನ್. ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಹಾಡಿಯೋ ಪದ ಹೇಳಿಯೋ ಹಣ್ಣು, ಕಾಯಿ, ಕಾಸು ಪಡೆಯುವ ರೂಢಿ ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಹಳೆಯದು. ಅಟ್ಲಾಂಟಿಕ್ ದಾಟಿದ ಮೇಲೆ ಅದಕ್ಕೊಂದು ಬೆದರಿಕೆಯ ಮಾತು ಸೇರಿಕೊಂಡಿತು: ‘ಟ್ರಿಕ್ ಆರ್ ಟ್ರೀಟ್’. ತಿಂಡಿ ಕೊಡುತ್ತೀರೋ, ತಂಟೆ ಮಾಡೋಣವೋ ಎಂದು ಅದರ ಅರ್ಥ. 1927ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಬ್ಲಾಕಿ ಎಂಬ ಸಣ್ಣ ಊರಿನ ಸುದ್ದಿಯಲ್ಲಿ ಈ ಮಾತು ಅಚ್ಚಾಗಿತ್ತು. ಆ ಕಾಲದಲ್ಲಿ ತಂಟೆಯೆಂದರೆ ನಿಜವಾದ ತಂಟೆ. ಗೇಟು ಕಿತ್ತು ಮರಕ್ಕೆ ನೇತುಹಾಕುವುದು, ಬಂಡಿಯ ಗಾಲಿ ಅಡಗಿಸುವುದು, ಕಿಟಕಿಗೆ ಸೋಪು ಬಳಿಯುವುದು. ನಮ್ಮಲ್ಲಿ ಕಾಮನ ಹುಣ್ಣಿಮೆಗೆ ಸೌದೆ, ಬೆರಣಿ ಕದಿಯುತ್ತಿದ್ದ ಹುಡುಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1930ರ ದಶಕದ ದುಡಿಮೆಯಿಲ್ಲದ ದಿನಗಳಲ್ಲಿ ಈ ತಂಟೆ ಮಿತಿಮೀರಿತು. ಊರಿನ ಹಿರಿಯರು ಹುಡುಗರ ಬಾಯಿಗೆ ಸಿಹಿ ಹಾಕಿ ಕೈ ಕಟ್ಟುವ ಉಪಾಯ ಹುಡುಕಿದರು. ಅಯೋವಾ ಸಂಸ್ಥಾನದ ಡಿಮಾಯ್ನ್ ನಗರದಲ್ಲಿ 1938ರಲ್ಲಿ ಇದಕ್ಕೆಂದೇ ಒಂದು ‘ಭಿಕ್ಷುಕರ ರಾತ್ರಿ’ಯನ್ನು ಗೊತ್ತುಮಾಡಿದರು, ಅಲ್ಲಿ ಮಗು ಬಾಗಿಲಲ್ಲಿ ಒಂದು ನಗೆಹನಿ ಹೇಳಿಯೇ ಮಿಠಾಯಿ ಪಡೆಯಬೇಕೆಂಬ ಪದ್ಧತಿ ಬೆಳೆಯಿತು. ಯುದ್ಧದ ಸಕ್ಕರೆ ರೇಷನ್ 1947ರಲ್ಲಿ ತೆಗೆದ ಮೇಲೆ, ಹೊಸ ಬಡಾವಣೆಗಳ ಜೊತೆಯಲ್ಲಿ ಹಬ್ಬ ನಾಡೆಲ್ಲ ಹಬ್ಬಿತು.

ಇದರಲ್ಲಿ ಬರೆಯದ ಕಾನೂನು ಒಂದಿದೆ. ಮನೆಯ ಮುಂದಿನ ಜಗಲಿಯ ದೀಪ ಉರಿಯುತ್ತಿದ್ದರೆ ‘ಬನ್ನಿ’ ಎಂದರ್ಥ. ಆರಿದ್ದರೆ ಮಕ್ಕಳು ಆ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಯಾರಿಗೂ ಇಲ್ಲವೆನ್ನಬೇಕಾಗಿಲ್ಲ. ಇಷ್ಟು ಮರ್ಯಾದೆಯ ಏರ್ಪಾಡು ನಮ್ಮ ಗಣಪತಿ ಚಂದಾ ವಸೂಲಿಗೂ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು!

ಇನ್ನು ನನ್ನ ತಂಗಿಯ ಗಂಡನ ದೂರು. ಇದನ್ನು ಹೇಳಿದವರಲ್ಲಿ ಅವರು ಮೊದಲಿಗರಲ್ಲ. 2014ರಲ್ಲಿ ಅಮೆರಿಕದ ‘ಸ್ಲೇಟ್’ ಪತ್ರಿಕೆಯ ಸಲಹೆಯ ಅಂಕಣಕ್ಕೆ ಒಬ್ಬರು ಕಾಗದ ಬರೆದಿದ್ದರು. ತಾವು ದೇಶದ ಅತಿ ಶ್ರೀಮಂತ ಬಡಾವಣೆಗಳಲ್ಲೊಂದರಲ್ಲಿ ಇರುವುದಾಗಿಯೂ, ಆದರೆ ತಮ್ಮದು ಅಲ್ಲಿನ ಸಾಧಾರಣ ಬೀದಿಯೆಂದೂ, ಅಂದರೆ ಡಾಕ್ಟರು, ವಕೀಲರಷ್ಟೇ ಇರುವ ಬೀದಿಯೆಂದೂ, ಕೋಟ್ಯಧೀಶರು ಇನ್ನೂ ಕೆಲವು ಬೀದಿ ಆಚೆಗಿರುವರೆಂದೂ ಪೀಠಿಕೆ. ದೂರು ಏನೆಂದರೆ, ಹಬ್ಬದ ರಾತ್ರಿ ಬರುವವರಲ್ಲಿ ಬಹುಪಾಲು ಮಕ್ಕಳು ಬಡವರ ಕೇರಿಗಳಿಂದ ಕಾರಿನಲ್ಲಿ ತುಂಬಿ ಬರುವವರು. ನೆರೆಹೊರೆಯ ಹಬ್ಬ ಸಮಾಜಸೇವೆಯಾಗಬೇಕೆ? ಅಂಕಣಕಾರ್ತಿ ಎಮಿಲಿ ಯೋಫಿ ಚೆನ್ನಾಗಿ ಝಾಡಿಸಿ, ಹೋಗಿ ಇನ್ನಷ್ಟು ಮಿಠಾಯಿ ಕೊಂಡು ತನ್ನಿ ಎಂದು ಉತ್ತರ ಕೊಟ್ಟರು. ನಾಲ್ಕು ಜನ ನಕ್ಕರು, ನಾಲ್ಕು ಜನ ಬೈದರು. ಆದರೆ ಕಾಗದದಲ್ಲಿದ್ದ ನಿಜವಾದ ಪ್ರಶ್ನೆಯನ್ನು ಬೈಗಳ ನಡುವೆ ಯಾರೂ ಎತ್ತಿಕೊಳ್ಳಲಿಲ್ಲ. ಆ ಮಕ್ಕಳು ಕೋಟ್ಯಧೀಶರ ಬೀದಿಗಳನ್ನು ಬಿಟ್ಟು ಇವರ ಬೀದಿಗೆ ಬಂದದ್ದೇಕೆ? ತಮ್ಮ ಕೇರಿಯನ್ನು ಬಿಟ್ಟು ಬಂದದ್ದಾದರೂ ಏಕೆ?

ಹ್ಯಾಲೋವೀನ್ ಮರುದಿನ ಅಮೆರಿಕದಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಈ ಮಾತೇ. ಒಬ್ಬರು ಮೂರು ಮೂಟೆ ಚಾಕೊಲೇಟು ತಂದು, ಒಬ್ಬ ಮಗುವೂ ಬರದೆ, ಕ್ರಿಸ್‌ಮಸ್ ತನಕ ತಾವೇ ತಿಂದರು. ಇನ್ನೊಬ್ಬರ ಮನೆಯಲ್ಲಿ ಏಳು ಗಂಟೆಗೇ ಎಲ್ಲ ಮುಗಿದು, ಅಡುಗೆಮನೆಯ ಬಿಸ್ಕತ್ತಿನ ಪೊಟ್ಟಣ ಒಡೆದು ಹಂಚಿದರು. ಎರಡು ಮನೆಗಳ ನಡುವೆ ಒಂದು ಮೈಲಿ ಅಂತರ. ಕಾರಣ ಕೇಳಿದರೆ ಸಿದ್ಧವಾದ ಉತ್ತರ: ‘ಅದು ಒಳ್ಳೆಯ ಬಡಾವಣೆ’, ಇಲ್ಲವೆ ‘ಈಗಿನ ಕಾಲ ಕೆಟ್ಟಿತು, ಮಕ್ಕಳು ಹೊರಗೆ ಬರುವುದಿಲ್ಲ’. ಒಳ್ಳೆಯತನವನ್ನೂ ಕೆಟ್ಟತನವನ್ನೂ ಬೀದಿಗಳಿಗೆ ಹೀಗೆ ಹಂಚಿಬಿಡುವುದು ನನ್ನ ಮಟ್ಟಿಗೆ ಶುದ್ಧ ಸೋಮಾರಿತನ. ಕಾಲ ಕೆಟ್ಟಿದ್ದರೆ ಆ ಒಂದು ಮೈಲಿಯ ಆಚೆಗೂ ಕೆಡಬೇಕಾಗಿತ್ತಷ್ಟೆ?

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 2023ರ ಶರತ್ಕಾಲದಲ್ಲಿ ತಂಗಿಯ ಎರಡನೆಯ ಬಾಣಂತನಕ್ಕೆ ಅಮ್ಮನಿಗೆ ಮಂಡಿನೋವೆಂದು, ಸಂಬಳವಿಲ್ಲದ ರಜೆ ಹಾಕಿ ನಾನೇ ಹೋಗಿದ್ದೆ. ಆಗ ಅವರು ಇದ್ದದ್ದು ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ. ಮೂರಂತಸ್ತಿನ ಹತ್ತಾರು ಕಟ್ಟಡಗಳು, ನಡುವೆ ಕಾರು ನಿಲ್ಲಿಸುವ ಬಯಲು, ಪ್ರತಿ ಕಟ್ಟಡದ ಮುಂಬಾಗಿಲಿಗೂ ಗುಟ್ಟಿನ ಅಂಕೆ ಒತ್ತಿದರೆ ಮಾತ್ರ ತೆರೆಯುವ ಬೀಗ. ಮಕ್ಕಳಿಗೇನು ಬರಗಾಲವೆ? ಸಂಜೆಯಾದರೆ ಬಯಲು ತುಂಬ ತೆಲುಗು, ಗುಜರಾತಿ, ಸ್ಪ್ಯಾನಿಷ್, ನಮ್ಮ ಒಂದೆರಡು ಕನ್ನಡ. ಏಳು ವರ್ಷದ ತಂಗಿಮಗಳು ಕಿತ್ತೂರು ಚೆನ್ನಮ್ಮನಾಗುತ್ತೇನೆಂದು ಹಟಹಿಡಿದಳು. ನನ್ನ ಹಳೆಯ ಇಳಕಲ್ಲು ಸೀರೆಯ ಸೆರಗಿಗೆ ಕತ್ತರಿ ಬಿತ್ತು. ರಟ್ಟು ಕತ್ತರಿಸಿ, ಅಡುಗೆಮನೆಯ ಬೆಳ್ಳಿಹಾಳೆ ಸುತ್ತಿ ಕತ್ತಿ ಮಾಡಿಕೊಟ್ಟೆ. ಎರಡು ಮೂಟೆ ಮಿಠಾಯಿ ಬಟ್ಟಲಿಗೆ ಸುರಿದು, ಬಾಗಿಲು ತೆರೆದಿಟ್ಟುಕೊಂಡು ಕುಳಿತೆವು. ಒಂದು ಮಗುವೂ ಬರಲಿಲ್ಲ. ಕೆಳಗಿನ ಬೀಗ ದಾಟಿ ಬರುವುದು ಹೇಗೆ? ಒಳಗಿನ ಮಕ್ಕಳಾದರೂ ಬಂದಾರೆಂದರೆ ಅವರೆಲ್ಲ ಆರು ಗಂಟೆಗೇ ಕಾರು ಹತ್ತಿ ಹೊರಟುಹೋಗಿದ್ದರು. ನಮ್ಮ ಚೆನ್ನಮ್ಮನ ಕಣ್ಣಲ್ಲಿ ನೀರು ಬಂದಾಗ ಅವಳಪ್ಪ, “ನಡಿ, ನಾವೂ ಹೋಗೋಣ” ಎಂದರು. ಹೌದು, ಇದೇ ನನ್ನ ತಂಗಿಯ ಗಂಡ.

ಮೂರು ಮೈಲಿ ಹೋದೆವು. ಹಳೆಯ ಕಾಲದ ಬೀದಿ. ಮನೆಗೂ ಮನೆಗೂ ನಾಲ್ಕಾರು ಮಾರು, ಎರಡೂ ಪಕ್ಕ ನಡೆಯುವ ಹಾದಿ, ಮೇಪಲ್ ಮರಗಳ ಕೆಳಗೆ ಬೀದಿದೀಪ, ಪ್ರತಿಯೊಂದು ಮನೆಗೂ ರಸ್ತೆಗೆ ಮುಖಮಾಡಿದ ಜಗಲಿ. ಜಾತ್ರೆಯೆಂದರೆ ಜಾತ್ರೆ! ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕುಳಿತು, ಬಂದ ಮಕ್ಕಳಿಗೆಲ್ಲ ಕೊಡುತ್ತ, ನೋಟುಪುಸ್ತಕದಲ್ಲಿ ಐದೈದರ ಗೀಟು ಹಾಕುತ್ತಿದ್ದರು. ಏಳೂವರೆಗೆ ಇನ್ನೂರ ನಲವತ್ತು. ಹೋದ ವರ್ಷಕ್ಕಿಂತ ಕಡಿಮೆಯಂತೆ, ಚಳಿ ಹೆಚ್ಚೆಂದು ಅವರ ತರ್ಕ. ನಮ್ಮ ಹುಡುಗಿಯನ್ನು ನೋಡಿ “ರಾಜಕುಮಾರಿಯೋ?” ಎಂದರು. “ಅಲ್ಲ, ರಾಣಿ” ಎಂದು ಇವಳು ಕತ್ತಿ ಎತ್ತಿದಳು. ಅಜ್ಜಿ ಎರಡು ಕೈಯನ್ನೂ ಮೇಲೆತ್ತಿ ಶರಣಾದರು.

ಎರಡು ಮನೆ ಆಚೆಗೆ ಒಬ್ಬ ಗೃಹಸ್ಥರು ಬಟ್ಟಲನ್ನು ಮುಂದೆ ಚಾಚುವ ಮೊದಲು ಇವಳನ್ನಲ್ಲ, ಇವಳಪ್ಪನನ್ನು ಕೇಳಿದರು: “ನೀವು ಎಲ್ಲಿರುವುದು?” ಕೇಳಿದ ರೀತಿ ಮೃದುವಾಗಿಯೇ ಇತ್ತು. ಅಪಾರ್ಟ್‌ಮೆಂಟಿನ ಹೆಸರು ಹೇಳಿದ ಮೇಲೆ “ಓಹೋ” ಎಂದರು. ಒಂದು ಪೆಪ್ಪರಮೆಂಟು ಕೊಟ್ಟರು. ಆ ‘ಓಹೋ’ ಇದೆಯಲ್ಲ, ಅದನ್ನು ಹೊತ್ತುಕೊಂಡು ನಾವು ಮೂರು ಮೈಲಿ ವಾಪಸು ಬಂದೆವು. ಕಾರಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಶೂ ಬಿಚ್ಚುತ್ತ, “ಮುಂದಿನ ವರ್ಷ ಇದು ಬೇಡ ಅಕ್ಕ” ಎಂದರು. ಮುಂದಿನ ವರ್ಷವೇ ಅಂಥದೇ ಒಂದು ಬೀದಿಯಲ್ಲಿ ಮನೆ ಕೊಂಡರು. ಅಲ್ಲಿ ಜಗಲಿ ಉಂಟು, ಜಗಲಿಗೆ ದೀಪ ಉಂಟು. ಈಗ ಅವರು ವ್ಯಾನುಗಳನ್ನು ಎಣಿಸುತ್ತಿದ್ದಾರೆ.

ಮಕ್ಕಳು ಎಲ್ಲಿಗೆ ಹೋಗುತ್ತಾರೆಂಬುದಕ್ಕೆ ಮೊದಲ ಕಾರಣ ಕಾಲುಗಳು. ಆರೇಳು ವರ್ಷದ ಮಗು ಮುಖವಾಡ ಹಾಕಿಕೊಂಡು ಎರಡು ಗಂಟೆ ನಡೆಯಬಲ್ಲದು. ಲೆಕ್ಕ ಹಾಕಿ ನೋಡಿ. ಒಂದರ ಪಕ್ಕಕ್ಕೊಂದು ಗೋಡೆಗೆ ಗೋಡೆ ಅಂಟಿಕೊಂಡ ಇಪ್ಪತ್ತು ಅಡಿ ಅಗಲದ ಮನೆಗಳ ಬೀದಿಯಲ್ಲಿ 600 ಅಡಿ ನಡೆದರೆ ಒಂದೇ ಮಗ್ಗುಲಲ್ಲಿ ಮೂವತ್ತು ಬಾಗಿಲು ಸಿಕ್ಕುತ್ತವೆ. ನೂರೈವತ್ತು ಅಡಿ ಮುಖವುಳ್ಳ ದೊಡ್ಡ ಸೈಟುಗಳ ಬಡಾವಣೆಯಲ್ಲಿ ಅದೇ 600 ಅಡಿಗೆ ನಾಲ್ಕು ಬಾಗಿಲು. ಅಲ್ಲಿಯೂ ಗೇಟಿನಿಂದ ಬಾಗಿಲಿನವರೆಗಿನ ಉದ್ದನೆಯ ಹಾದಿ ಬೇರೆ. ವ್ಯಾಂಕೂವರ್ ನಗರದ ಮುಖ್ಯ ಯೋಜಕರಾಗಿದ್ದ ಬ್ರೆಂಟ್ ಟೊಡೇರಿಯನ್ ಇದನ್ನೇ ಊರು ಕಟ್ಟುವವರಿಗೆ ಒಂದು ಪರೀಕ್ಷೆಯಾಗಿ ಹೇಳುತ್ತ ಬಂದಿದ್ದಾರೆ: ಒಂದು ಬೀದಿ ಹ್ಯಾಲೋವೀನ್ ಮಕ್ಕಳಿಗೆ ಒಪ್ಪಿಗೆಯಾದರೆ, ವರ್ಷದ ಉಳಿದ ದಿನವೂ ನಡೆಯುವವರಿಗೆ ಒಪ್ಪಿಗೆಯಾದೀತು. ಬಾಗಿಲುಗಳು ಒತ್ತೊತ್ತಾಗಿವೆಯೆ? ಬೀದಿಗೆ ಮುಖ ಮಾಡಿರುವುದು ಕಿಟಕಿಯೋ, ಗ್ಯಾರೇಜಿನ ಬಾಯೋ? ಕೋಟ್ಯಧೀಶರ ಬೀದಿಗೆ ಮಕ್ಕಳು ಹೋಗದೆ ಡಾಕ್ಟರ ಬೀದಿಗೆ ಏಕೆ ಬಂದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಂಶೋಧನೆ ಬೇಕಾಗಿಲ್ಲ. ಸಿರಿವಂತಿಕೆಯ ವಾಸನೆ ಹಿಡಿದು ಬರುವವರಾಗಿದ್ದರೆ ಅವರು ಇನ್ನೂ ನಾಲ್ಕು ಬೀದಿ ಮುಂದೆ ಹೋಗುತ್ತಿದ್ದರು.

ಬೀದಿಗೂ ವಯಸ್ಸಾಗುತ್ತದೆ ಎಂಬುದು ಇನ್ನೊಂದು ಮಾತು. ಹೊಸ ಬಡಾವಣೆಯಲ್ಲಿ ಒಂದೇ ಸಲಕ್ಕೆ ಹರೆಯದ ದಂಪತಿಗಳು ಮನೆ ಕೊಳ್ಳುತ್ತಾರೆ. ಹತ್ತು ವರ್ಷ ಬೀದಿಯಲ್ಲಿ ಮಕ್ಕಳ ಸಂತೆ. ಆ ಮಕ್ಕಳು ಕಾಲೇಜಿಗೆ ಹೋದ ಮೇಲೆ ಅದೇ ಮನೆಗಳಲ್ಲಿ ಅದೇ ದಂಪತಿಗಳು, ಅದೇ ದೀಪ, ಬರುವವರಿಲ್ಲ. ‘ಜನ ಬದಲಾದರು’ ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಜನ ಎಲ್ಲಿಯೂ ಹೋಗಿಲ್ಲ, ಅವರೇ ಅಲ್ಲಿ ಕುಳಿತಿದ್ದಾರೆ! ಇದಲ್ಲದೆ, ಹೋದ ವರ್ಷ ಮಕ್ಕಳು ಬಂದ ಬೀದಿಯವರು ಈ ವರ್ಷ ಹೆಚ್ಚು ಶೃಂಗಾರ ಮಾಡುತ್ತಾರೆ, ಆ ಸುದ್ದಿ ಕೇಳಿ ಇನ್ನಷ್ಟು ಮಕ್ಕಳು ಬರುತ್ತಾರೆ. ಬರದ ಬೀದಿಯಲ್ಲಿ ಒಂದೊಂದೇ ದೀಪ ಆರುತ್ತದೆ. ಮೂರು ಕತ್ತಲೆಮನೆ ದಾಟಿ ನಾಲ್ಕನೆಯದಕ್ಕೆ ಹೋಗುವ ಉತ್ಸಾಹ ಯಾವ ಮಗುವಿಗಿದೆ? ಮಳೆ, ಹಿಮ, ವಾರದ ದಿನ ಇವುಗಳ ಮಾತು ಇರಲಿ. ಸ್ಯಾಂಡಿ ಚಂಡಮಾರುತ ಬಂದ 2012ರಲ್ಲಿ ನ್ಯೂಜೆರ್ಸಿಯ ಗವರ್ನರ್ ಹ್ಯಾಲೋವೀನನ್ನೇ ನವೆಂಬರ್ 5ಕ್ಕೆ ಮುಂದೂಡಿ ಆಜ್ಞೆ ಹೊರಡಿಸಿದ್ದುಂಟು. ನಮ್ಮ ಪಂಚಾಂಗದವರು ಕೇಳಿದರೆ ಮೂರ್ಛೆ ಹೋದಾರು.

ಬಡವರ ಕೇರಿಗಳಲ್ಲಿ ಬಾಗಿಲು ಒತ್ತೊತ್ತಾಗಿಯೇ ಇವೆಯಲ್ಲ ಎಂದು ಕೇಳಬಹುದು. ಇವೆ. ಫಿಲಡೆಲ್ಫಿಯಾ, ಬಾಲ್ಟಿಮೋರ್‌ಗಳ ಸಾಲುಮನೆಗಳ ಮೆಟ್ಟಿಲುಗಳ ಮೇಲೆ ಜನ ಕುಳಿತು ಹಂಚುವುದನ್ನು ಕಂಡವರು ಬಡಕೇರಿಗೆ ಹಬ್ಬವಿಲ್ಲವೆಂದು ಹೇಳಲಾರರು. ಆದರೆ ಬಾಗಿಲಿಗೆ ಅಂಕೆಯ ಬೀಗವಿರುವ ಬಾಡಿಗೆ ಕಟ್ಟಡ, ಬೀದಿದೀಪ ಕೆಟ್ಟ ರಸ್ತೆ, ಸಂಜೆಯ ಪಾಳಿಗೆ ಕೆಲಸಕ್ಕೆ ಹೋದ ತಾಯಿ, ನಡೆಯುವ ಹಾದಿಯೇ ಇಲ್ಲದ ಹೆದ್ದಾರಿಯ ಅಂಚು, ಇವು ಎಲ್ಲಿವೆಯೋ ಅಲ್ಲಿಯ ಮಕ್ಕಳು ಬೇರೆ ಕಡೆಗೆ ಹೋಗಲೇಬೇಕು. ಅವರನ್ನು ಕರೆತರುವ ತಾಯ್ತಂದೆಗಳು ದಿನದ ದುಡಿಮೆ ಮುಗಿಸಿ, ಪೆಟ್ರೋಲು ಸುಟ್ಟು, ಮಗುವಿನ ಕೈ ಹಿಡಿದು ಹಿಂದೆ ಹಿಂದೆ ಬರುತ್ತಾರೆ. ಇದು ಪುಕ್ಕಟೆ ಮಿಠಾಯಿಯ ಆಸೆಯೆಂದು ನಂಬುವವರಿಗೆ ಮಿಠಾಯಿಯ ಬೆಲೆಯೂ ಗೊತ್ತಿಲ್ಲ, ಪೆಟ್ರೋಲಿನ ಬೆಲೆಯೂ ಗೊತ್ತಿಲ್ಲ.

ಈ ತಪ್ಪು ತಿಳಿವಳಿಕೆಗೆ ಅಂಕಿಅಂಶದ ಅಂಗಿ ತೊಡಿಸಿದವರೂ ಇದ್ದಾರೆ. ಮನೆಗಳ ಬೆಲೆ ಹೇಳುವುದನ್ನೇ ವ್ಯಾಪಾರ ಮಾಡಿಕೊಂಡ ಝಿಲ್ಲೋ ಎಂಬ ಕಂಪೆನಿ ಹಲವು ವರ್ಷ ‘ಟ್ರಿಕ್ ಆರ್ ಟ್ರೀಟ್’ಗೆ ತಕ್ಕ ಊರುಗಳ ಪಟ್ಟಿಯೊಂದನ್ನು ಹೊರಡಿಸುತ್ತಿತ್ತು. ಲೆಕ್ಕಕ್ಕೆ ಹಿಡಿದದ್ದು ಮನೆಗಳ ಬೆಲೆ, ಜನರ ಒತ್ತೊತ್ತು, ನಡೆದಾಡುವ ಅನುಕೂಲ, ಅಪರಾಧಗಳ ಸಂಖ್ಯೆ. ಸ್ಯಾನ್‌ಫ್ರಾನ್ಸಿಸ್ಕೊ ಒಂದಕ್ಕಿಂತ ಹೆಚ್ಚು ಸಲ ಮೊದಲ ಸ್ಥಾನ ಪಡೆಯಿತು. ಒತ್ತೊತ್ತು ಸರಿ, ನಡಿಗೆ ಸರಿ. ಮನೆಯ ಬೆಲೆ ಏಕೆ? ಬೆಲೆ ಹೆಚ್ಚಿದಂತೆ ಕೈ ದೊಡ್ಡದಾಗುತ್ತದೆಂದು ಯಾವ ಶಾಸ್ತ್ರ ಹೇಳುತ್ತದೆ? ಬಂಗಲೆಯ ಗೇಟಿನ ಮುಂದೆ ನಿಂತು ಚಂದಾ ಎತ್ತಿದ ಯಾವ ಹುಡುಗನನ್ನು ಬೇಕಾದರೂ ಕೇಳಿ ನೋಡಬಹುದು. ಇಂಥ ಪಟ್ಟಿ ಓದಿದ ತಂದೆ ಮಗುವನ್ನು ಬೆಲೆಬಾಳುವ ಬಡಾವಣೆಗೆ ಕರೆತಂದರೆ ಅಲ್ಲಿಯವರು ಅವನನ್ನೇ ದೂರುತ್ತಾರೆ. ಮನೆಯ ಬೆಲೆ ಏರಲೆಂದು ಆ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸುವವರೂ ಅವರೇ.

‘ನಮ್ಮ ಬೀದಿ’ ಎಂಬ ಮಾತಿನ ವಂಶಾವಳಿಯನ್ನೂ ಸ್ವಲ್ಪ ನೋಡಬೇಕು. ಹ್ಯಾಲೋವೀನ್ ಬೆಳೆದದ್ದು ಯುದ್ಧಾನಂತರದ ಹೊಸ ಬಡಾವಣೆಗಳಲ್ಲಿ ಎಂದೆನಲ್ಲವೆ? ಅವುಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1947ರಿಂದ ಎದ್ದ ಲೆವಿಟ್‌ಟೌನ್. 17,000ಕ್ಕೂ ಮಿಕ್ಕಿ ಮನೆಗಳು. ಅದರ ಮೊದಲ ಕರಾರುಪತ್ರಗಳಲ್ಲಿ, ಬಿಳಿಯರಲ್ಲದವರು ಈ ಮನೆಗಳಲ್ಲಿ ವಾಸ ಮಾಡಕೂಡದೆಂದು ಬರೆದಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಅಲ್ಲಿಯ ಜಗಲಿಯ ದೀಪ ಯಾರಿಗಾಗಿ ಉರಿಯುತ್ತಿತ್ತೆಂದು ಬೇರೆ ಹೇಳಬೇಕೆ? ಮನೆ ಮಾರುವಾಗ ಬಣ್ಣ ನೋಡಕೂಡದೆಂದು ದೇಶಕ್ಕೆಲ್ಲ ಕಾನೂನಾದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಒಂದು ವಾರಕ್ಕೆ. ನಮ್ಮವರಿಗೆ ಆ ದೇಶದ ಹೆಬ್ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆಯ ಕಾಯಿದೆಯಿಂದ. ಎರಡೂ ಕಪ್ಪುಜನರ ಹಕ್ಕಿನ ಹೋರಾಟ ಕಾವೇರಿದ್ದ ಕಾಲದಲ್ಲಿ ಆದವು. ಹಾಗೆ ತೆರೆದ ಬಾಗಿಲಿನಿಂದ ಒಳಗೆ ಬಂದು ಇಂಥ ಬೀದಿಯಲ್ಲಿ ಮನೆ ಕೊಂಡ ಕನ್ನಡಿಗನೊಬ್ಬ ಜಗಲಿಯಲ್ಲಿ ನಿಂತು ‘ಹೊರಗಿನವರು’ ಎಂದರೆ, ಕೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಅವರಿಗೆ ಆಗಬೇಕೆಂದು ನಾನು ಹೇಳುವುದಿಲ್ಲ. ಅವರ ಮೇಲೆ ಸಾಲದ ಕಂತಿನ ಭಾರವಿದೆ, ಭಾರ ಹೊತ್ತವನಿಗೆ ಇತಿಹಾಸ ನೆನಪಾಗುವುದು ಕಷ್ಟ.

ಅವರ ಪಕ್ಷದ ಮಾತನ್ನೂ ಕೇಳೋಣ. ಮೊದಲನೆಯದು ಭಯ: ಗುರುತಿಲ್ಲದ ಜನ, ಗುರುತಿಲ್ಲದ ಕಾರು. ಸೇಬಿನಲ್ಲಿ ಬ್ಲೇಡು, ಮಿಠಾಯಿಯಲ್ಲಿ ವಿಷ ಎಂಬ ಕತೆಗಳನ್ನು ಕೇಳದ ಅಮೆರಿಕದ ತಾಯಿ ಇಲ್ಲ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಪತ್ರಿಕೆಗಳನ್ನು ದಶಕಗಟ್ಟಲೆ ಜಾಲಾಡಿ, ಗುರುತಿಲ್ಲದವರು ಹಂಚಿದ ತಿಂಡಿಯಿಂದ ಸತ್ತ ಮಗು ಒಂದೂ ಇಲ್ಲವೆಂದು ತೋರಿಸಿದ್ದಾರೆ. 1974ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಹುಡುಗ ವಿಷದ ಮಿಠಾಯಿ ತಿಂದು ಸತ್ತದ್ದು ನಿಜ. ಕೊಟ್ಟವನು ಅವನ ಸ್ವಂತ ತಂದೆ, ವಿಮೆಯ ಹಣಕ್ಕಾಗಿ. ನಿಜವಾಗಿ ಆ ರಾತ್ರಿ ಮಕ್ಕಳನ್ನು ಕೊಲ್ಲುವುದು ಮೋಟಾರು ಕಾರು. 1975ರಿಂದ 2016ರವರೆಗಿನ 42 ವರ್ಷಗಳ ಲೆಕ್ಕ ತೆಗೆದ ವೈದ್ಯ ಸಂಶೋಧಕರು, ಹ್ಯಾಲೋವೀನ್ ಸಂಜೆ ನಡೆಯುವವರು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಉಳಿದ ಸಂಜೆಗಳಿಗಿಂತ ಶೇಕಡ 43ರಷ್ಟು ಹೆಚ್ಚೆಂದು 2019ರಲ್ಲಿ ಪ್ರಕಟಿಸಿದರು. ಮಗುವನ್ನು ನಡೆಯುವ ಹಾದಿಯಿರುವ, ದೀಪವಿರುವ ಬೀದಿಗೆ ಮೂರು ಮೈಲಿ ದೂರದಿಂದ ಕರೆತರುವವನು ಮಾಡುವ ತಪ್ಪೇನು? ಈ ಲೆಕ್ಕವನ್ನು ಓದಿದವನಂತೆ ನಡೆದುಕೊಂಡಿದ್ದಾನೆ, ಅಷ್ಟೆ. ಭಯ ಯಾವ ಕಡೆಯಿಂದ ಇರಬೇಕೆಂಬುದಕ್ಕೂ ಒಂದು ಉದಾಹರಣೆ ಉಂಟು. 1992ರ ಅಕ್ಟೋಬರಿನಲ್ಲಿ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೋಶಿಹಿರೊ ಹಟ್ಟೋರಿ ಎಂಬ ಹದಿನಾರು ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೋವೀನ್ ಔತಣಕ್ಕೆಂದು ವೇಷ ಹಾಕಿಕೊಂಡು ಹೊರಟು, ತಪ್ಪು ಮನೆಯ ಗಂಟೆ ಒತ್ತಿದ. ಮನೆಯವನು ಗುಂಡು ಹಾರಿಸಿದ. ಹುಡುಗ ಸತ್ತ, ಜ್ಯೂರಿ ಕೊಂದವನನ್ನು ನಿರ್ದೋಷಿಯೆಂದಿತು. ‘ಹೊರಗಿನವನು’ ಎಂಬ ಮಾತು ಇಷ್ಟು ದೂರಕ್ಕೂ ಹೋಗಬಲ್ಲದು.

ಎರಡನೆಯದು, ದೊಡ್ಡ ಹುಡುಗರು ಬಾಚಿಕೊಳ್ಳುತ್ತಾರೆ, ಥ್ಯಾಂಕ್ಸ್ ಸಹ ಹೇಳುವುದಿಲ್ಲ ಎಂಬ ಆಕ್ಷೇಪ. ಇರಬಹುದು. ಇದರ ಮೇಲೂ ಒಂದು ಪ್ರಸಿದ್ಧ ಪ್ರಯೋಗ ನಡೆದಿದೆ. 1976ರಲ್ಲಿ ಪ್ರಕಟವಾದದ್ದು, ಸಿಯಾಟಲ್ ನಗರದ 27 ಮನೆಗಳಲ್ಲಿ 1,352 ಮಕ್ಕಳನ್ನು ಮರೆಯಲ್ಲಿ ನಿಂತು ನೋಡಿದರು. ಒಂದೇ ಮಿಠಾಯಿ ತೆಗೆದುಕೊಳ್ಳಿ ಎಂದು ಹೇಳಿ ಮನೆಯವರು ಒಳಗೆ ಹೋಗುತ್ತಿದ್ದರು. ಗುರುತು ಕೇಳದೆ ಬಿಟ್ಟ, ಗುಂಪಿನಲ್ಲಿ ಬಂದ ಮಕ್ಕಳಲ್ಲಿ ಶೇಕಡ 57ರಷ್ಟು ಜನ ಹೆಚ್ಚು ಬಾಚಿಕೊಂಡರು. ಒಂಟಿಯಾಗಿ ಬಂದು, ಹೆಸರೇನು, ಮನೆ ಎಲ್ಲಿ ಎಂದು ಕೇಳಿಸಿಕೊಂಡ ಮಕ್ಕಳಲ್ಲಿ ಹಾಗೆ ಮಾಡಿದವರು ಶೇಕಡ ಎಂಟನ್ನೂ ಮುಟ್ಟಲಿಲ್ಲ. ನನ್ನ ತಂಗಿಮಗಳ ಎದುರಿಗೆ ‘ಎಲ್ಲಿರುವುದು?’ ಎಂದು ಕೇಳಿದವರ ಬಾಯಲ್ಲಿದ್ದದ್ದೂ ಇದೇ ಪ್ರಶ್ನೆ. ಮಗುವಿನ ಮುಖ ನೋಡಿ ಕೇಳಿದರೆ ಅದು ಪರಿಚಯ, ತಲೆಯ ಮೇಲಿನಿಂದ ಅಪ್ಪನನ್ನು ಕೇಳಿದರೆ ಸುಂಕದ ಕಟ್ಟೆ. ಮುನ್ನೂರು ಮಕ್ಕಳನ್ನು ಎಣಿಸುವಷ್ಟು ತಾಳ್ಮೆಯಿದ್ದವರು ಮೂವತ್ತು ಮಕ್ಕಳ ಹೆಸರನ್ನಾದರೂ ಕೇಳಬಹುದಿತ್ತು.

ಮೂರನೆಯದು ಖರ್ಚು. ಇದು ನಿಜವಾದ ಕಷ್ಟ. ಒಂದು ಬೀದಿಯ ಮೇಲೆ ಒಂದು ಊರಿನ ಭಾರ ಬೀಳುತ್ತದೆ. ಆದರೆ ಇದಕ್ಕೆ ಉಪಾಯವೂ ಸುಲಭ. ಮುಗಿದಾಗ ದೀಪ ಆರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಹಬ್ಬದ ಕಾನೂನೇ ಹಾಗಿದೆ. ಮಕ್ಕಳು ಬರದ ಬೀದಿಯವರು ತಮ್ಮ ಮೂಟೆಗಳನ್ನು ತಂದು ಮಕ್ಕಳು ಬರುವ ಬೀದಿಯ ಗೆಳೆಯರಿಗೆ ಕೊಡಬಹುದು. ನಮ್ಮ ಎರಡು ಮೂಟೆ ಅಂದು ವ್ಯರ್ಥವಾಗಿ ಮನೆಯಲ್ಲೇ ಬಿದ್ದಿತ್ತಲ್ಲವೆ? ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಜನ ಕಿಕ್ಕಿರಿದಾಗ ಈಸ್ಟ್ ಕ್ಯಾಪಿಟಲ್ ಬೀದಿಯನ್ನೇ ಆ ಸಂಜೆ ವಾಹನಗಳಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಟ್ಟದ್ದುಂಟು. ಇನ್ನು ‘ಕಟ್ಟುಪಾಡು’ ಎಂದರೆ, ಅದರ ಹಾದಿ ಎಲ್ಲಿಗೆ ಹೋಗುತ್ತದೆಂದು ವರ್ಜೀನಿಯಾದ ಚೆಸಪೀಕ್ ನಗರ ತೋರಿಸಿಕೊಟ್ಟಿದೆ. ಹನ್ನೆರಡು ದಾಟಿದವರು ‘ಟ್ರಿಕ್ ಆರ್ ಟ್ರೀಟ್’ ಎಂದರೆ ಆರು ತಿಂಗಳವರೆಗೂ ಜೈಲೆಂದು 1970ರಲ್ಲಿ ಅಲ್ಲಿ ಕಾನೂನು ಮಾಡಿದರು. ಜಗತ್ತೆಲ್ಲ ನಕ್ಕ ಮೇಲೆ 2019ರಲ್ಲಿ ಜೈಲನ್ನು ತೆಗೆದು, ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿದರು.

ನಮ್ಮ ಊರಿನ ಮಾತು ಎತ್ತದೆ ಅವರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಈಗ ಹ್ಯಾಲೋವೀನ್ ನಡೆಯುತ್ತದೆ. ಪರದೇಶದ ದೆವ್ವದ ಹಬ್ಬ, ಭಿಕ್ಷೆಯ ಹಬ್ಬ ಎಂದು ಸಿಟ್ಟಾಗುವ ಮಹನೀಯರ ಜೊತೆ ನಾನಿಲ್ಲ. ಮೈಸೂರು ಸೀಮೆಯಲ್ಲಿ ಬೆಳೆದವರು ನವರಾತ್ರಿಯಲ್ಲಿ ‘ಬೊಂಬೆ ಕೂರಿಸಿದ್ದೀರಾ?’ ಎಂದು ಮನೆಮನೆ ತಿರುಗಿ ಬೊಂಬೆಬಾಗಿನ ತಿಂದವರೇ. ನಾವು ಮೂರು ಬೀದಿ ದಾಟಿ, ಗುರುತೇ ಇಲ್ಲದವರ ಮನೆಗೆ ಹೋಗುತ್ತಿದ್ದೆವು. ಅಲ್ಲಿ ಕೋಡುಬಳೆ ಕೊಡುತ್ತಾರೆಂಬುದೇ ಕಾರಣ. ಹಾಗೆಂದು ನಮ್ಮ ಅಗ್ರಹಾರದ ಬಾಗಿಲುಗಳು ಎಲ್ಲ ಕೇರಿಯ ಮಕ್ಕಳಿಗೂ ತೆರೆದಿದ್ದವೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ಮಕ್ಕಳು ಕೇಳಲು ಬರುತ್ತಲೇ ಇರಲಿಲ್ಲ. ಏಕೆ ಬರುವುದಿಲ್ಲವೆಂದು ನನಗೆ ಆಗ ಹೊಳೆಯಲೂ ಇಲ್ಲ. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಇನ್ನೂರು ಬಾಗಿಲು ಒಂದೇ ಸೂರಿನಡಿ. ಟೊಡೇರಿಯನ್ನರ ಪರೀಕ್ಷೆಯಲ್ಲಿ ಮೊದಲ ದರ್ಜೆ. ಗೇಟಿನಲ್ಲಿ ಕಾವಲುಗಾರ. ಅವನ ಮಗಳು ಮೆಟ್ಟಿಲ ಕೆಳಗೆ ಕುಳಿತು, ಮುಖಕ್ಕೆ ಬಿಳಿ ಬಳಿದುಕೊಂಡು ಓಡುವ ಮಕ್ಕಳನ್ನು ನೋಡುತ್ತಿದ್ದುದನ್ನು ಗೆಳತಿಯೊಬ್ಬರ ಮನೆಗೆ ಹೋದಾಗ ಕಂಡಿದ್ದೇನೆ. ಅವಳನ್ನು ಯಾರೂ ಹೋಗೆನ್ನಲಿಲ್ಲ. ಬಾ ಎಂದೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ಫೋನಿನಲ್ಲಿ ಅವರ ಮಾತು ಮುಗಿದ ಮೇಲೆ ತಂಗಿಮಗಳು ಮಾತನಾಡಿದಳು. ಈಗ ಅವಳಿಗೆ ಒಂಬತ್ತು. “ದೊಡ್ಡಮ್ಮ, ನಿನ್ನೆ ಒಂದು ವ್ಯಾನಲ್ಲಿ ನಮ್ಮ ಹಳೇ ಅಪಾರ್ಟ್‌ಮೆಂಟಿನ ಮಾರಿಯಾ ಬಂದಿದ್ದಳು. ಅಪ್ಪನಿಗೆ ಗುರುತೇ ಸಿಗಲಿಲ್ಲ, ಅವಳು ಬೆಕ್ಕಾಗಿದ್ದಳು” ಎಂದಳು. ಅವಳಿಗೆ ಏನು ಕೊಟ್ಟೆ ಎಂದು ಕೇಳಿದೆ. ಮೊದಲು ಎರಡು ಮುಷ್ಟಿ ಮಿಠಾಯಿ, ಆಮೇಲೆ ಚೆನ್ನಮ್ಮನ ಕತ್ತಿಯನ್ನೂ ಕೊಟ್ಟುಬಿಟ್ಟಳಂತೆ. ಮುಂದಿನ ಸಲ ಬಂದಾಗ ಇನ್ನೊಂದು ಮಾಡಿಕೊಡಬೇಕಂತೆ, ಇದಕ್ಕಿಂತ ಉದ್ದನೆಯದು.